ಎಣ್ಣೆ ಮುಟ್ಟದ ಹೆಬ್ಬೆರಳು

ಭಾವಿಕೇರಿಯ ತಿಮ್ಮುವಿನ ಮನೆಗೆ ಕೇರಂ ಬೋರ್ಡು ಬಂದದ್ದು ಅವನ ಹೆಂಡತಿ ಗಂಗೆಗೆ ಹೇಳದೆ. ೧೯೮೮ರ ಜೂನ್ ಕೊನೆ. ಗಂಗೆ ಗದ್ದೆಯಿಂದ ಬಂದು ಮಳೆಗೆ ಹೊದ್ದ ಪ್ಲಾಸ್ಟಿಕ್ ಕೊಪ್ಪೆ ಬಿಚ್ಚುತ್ತ ಒಳಗೆ ಕಾಲಿಡುವಷ್ಟರಲ್ಲಿ ಅದು ಜಗಲಿಯಲ್ಲಿ, ಭತ್ತ ಅಳೆಯುವ ಕೊಳಗದ ಮೇಲೆ ಕುಳಿತಾಗಿತ್ತು. ಒಂದು ಬದಿಗೆ ತಿಮ್ಮು, ಎದುರಿಗೆ ಮಗ ಮಂಜು. ಇಬ್ಬರ ಮುಖದಲ್ಲೂ ಕದ್ದು ಬೆಲ್ಲ ತಿಂದ ಕಳೆ.

“ಯಂತದು ಅದು?” ಎಂದಳು ಗಂಗೆ.

“ಕೇರಂ ಬೋರ್ಡು, ಅವ್ವಿ. ಯುವಕ ಮಂಡಳದ್ದು. ಅಲ್ಲಿ ಮಾಡು ಸೋರ್ತದೆ, ಮಳೆ ಮುಗಿಯೂ ತನಕ ನಿಮ್ಮನೇಲಿ ಇರ್ಲಿ ಹೇಳಿ ಮಂಗೇಶ ಮಾಸ್ತರ್ರು ಕಳ್ಸಿರು,” ಎಂದ ಮಂಜು.

“ಇಡೂಕೆ ಕೊಳಗವೇ ಬೇಕಾಗಿತ್ತಾ? ಲಕ್ಷ್ಮಿ ಇರೂ ಜಾಗ ಅದು.”

“ಲಕ್ಷ್ಮಿ ಬರೂಕೆ ಇನ್ನೂ ನಾಕು ತಿಂಗ್ಳು ಅದೆ. ಅಲ್ಲೀವರೆಗೆ ಇದಿರ್ಲಿ,” ಎಂದ ತಿಮ್ಮು.

ಗಂಗೆಗೆ ಸಿಟ್ಟು ಬಂದದ್ದು ಕೊಳಗದ ಸಲುವಾಗಿ ಅಲ್ಲ. ಮಂಜು ಚಿರೆಕಲ್ಲು ಕಡಿಯುವವನು. ಮಳೆ ಬಿದ್ದು ಕ್ವಾರಿಯಲ್ಲಿ ನೀರು ನಿಂತಿತೆಂದರೆ ಚೌತಿ ಹಬ್ಬದವರೆಗೂ ಅವನಿಗೆ ಕೆಲಸವಿಲ್ಲ. ಉಳುಮೆ ಮುಗಿದರೆ ತಿಮ್ಮುವಿಗೂ ಇಲ್ಲ. ಆಮೇಲಿನದೆಲ್ಲ ಹೆಂಗಸರ ಪಾಲು. ಅಗೆ, ಅಂದರೆ ಭತ್ತದ ಸಸಿ, ಕಿತ್ತು, ನೆಟ್ಟು, ಕಳೆ ತೆಗೆದು, ನಡುವೆ ಮೂರು ಹೊತ್ತು ಬೇಯಿಸಿ ಹಾಕಬೇಕು. ಇಂಥ ದಿನಗಳಲ್ಲಿ ಗಂಡಸರು ಚಕ್ಕಳಮಕ್ಕಳ ಹಾಕಿ ಕುಳಿತು ಟಕ್ ಟಕ್ ಎನ್ನಿಸಿದರೆ ಯಾವ ಹೆಂಗಸಿಗೆ ತಾನೇ ಮೈ ಉರಿಯುವುದಿಲ್ಲ?

ಮೂರು ದಿನ ಆ ಸದ್ದು ಸಹಿಸಿಕೊಂಡಳು. ನಾಲ್ಕನೆಯ ದಿನ ಸದ್ದು ಮಾಡಿದವಳು ಸೊಸೆ ನೀಲಾ.

ನೀಲಾ ಚಾ ಕೊಡಲು ಬಂದಿದ್ದಳು. ಮಂಜುವಿನ ಬಿಳಿ ಕಾಯಿಯೊಂದು ಕರಿ ಕಾಯಿಯ ಹಿಂದೆ ಅಡಗಿ ಕುಳಿತಿತ್ತು. ಅಪ್ಪ ಮಗ ಇಬ್ಬರೂ ಹತ್ತು ನಿಮಿಷದಿಂದ ಅದರ ಮುಖ ನೋಡುತ್ತಿದ್ದರು. ಅವಳು ಲೋಟ ಕೆಳಗಿಟ್ಟು, ಬಗ್ಗಿ, ತೋರುಬೆರಳಿನಿಂದ ಸ್ಟ್ರೈಕರನ್ನು ಎದುರಿನ ಪಟ್ಟಿಗೆ ಹೊಡೆದಳು. ಅದು ಅಲ್ಲಿ ಬಡಿದು ಹಿಂದಿರುಗಿ ಬಂದು ಬಿಳಿ ಕಾಯಿಯನ್ನು ಪಾಕೆಟ್ಟಿಗೆ ಬೀಳಿಸಿತು.

“ಹಣಿಬರ ಚಲೋ ಇತ್ತು, ಬಿತ್ತು,” ಎಂದ ಮಂಜು. “ಎಲ್ಲಿ, ಕೂತು ಒಂದು ಆಟ ಆಡು ಕಾಣ್ವಾ.”

ಊಟದ ಹೊತ್ತಿಗೆ ಮಂಜು ನಾಲ್ಕು ಆಟ ಸೋತಿದ್ದ.

ನೀಲಾಳ ತವರು ಬಾಳೆಗುಳಿ. ಹುಬ್ಬಳ್ಳಿ ರಸ್ತೆ ಹೆದ್ದಾರಿಗೆ ಕೂಡುವಲ್ಲಿ ಅವಳಪ್ಪನ ಚಾದಂಗಡಿ. ಪಂಕ್ಚರ್ ಹಾಕಿಸಲು ನಿಂತ ಲಾರಿ ಡ್ರೈವರುಗಳಿಗಾಗಿ ಅಲ್ಲೊಂದು ಕೇರಂ ಬೋರ್ಡು ಇತ್ತು. ಲಾರಿಗಳಿಲ್ಲದ ಹೊತ್ತಿನಲ್ಲಿ ಅದು ಅವಳದು. ಮೊದಮೊದಲು ಬೆರಳಿನಲ್ಲಿ ಬಲವಿಲ್ಲದೆ ಹೆಬ್ಬೆರಳಿನಿಂದ ಹೊಡೆಯುತ್ತಿದ್ದಳು. ಅಪ್ಪ ಬೈದು ಬೈದು ತೋರುಬೆರಳಿಗೆ ತಂದಿದ್ದ.

“ಮದಿ ಆಗಿ ಐದು ವರ್ಷ ಆತು, ಇದ್ನ ಹೇಳ್ಲೇ ಇಲ್ಲಲೆ ನೀನು,” ಎಂದ ಮಂಜು ಗಂಜಿ ಉಣ್ಣುತ್ತ.

“ನೀವು ಕೇಳ್ಲೇ ಇಲ್ಲ.”

ತಿಮ್ಮು ಗಂಜಿಯ ಬಟ್ಟಲಲ್ಲೇ ನಕ್ಕ. ಗಂಗೆ ಮಾತ್ರ ಒಣಸಿಗಡಿ ಚಟ್ನಿಯನ್ನು ಸೊಸೆಯ ತಟ್ಟೆಗೆ ಬೇಕಾದ್ದಕ್ಕಿಂತ ಜೋರಾಗಿ ಬಡಿಸಿದಳು.

ಸುದ್ದಿ ಮಂಗೇಶ ಮಾಸ್ತರರಿಗೆ ಹೋಯಿತು. ಅವರು ಊರಿನ ಶಾಲೆಯ ಮಾಸ್ತರರು, ಯುವಕ ಮಂಡಳದ ಕಾರ್ಯದರ್ಶಿ, ಮತ್ತು ಸ್ವಂತ ಅಭಿಪ್ರಾಯದಲ್ಲಿ ಅಂಕೋಲಾ ತಾಲೂಕಿಗೇ ಒಳ್ಳೆಯ ಕೇರಂ ಆಟಗಾರರು. ಸಂಜೆ ಕೊಡೆ ಮಡಚುತ್ತ ಬಂದರು, ಎರಡು ಆಟ ಸೋತರು, ಕನ್ನಡಕ ಒರೆಸಿಕೊಂಡು ಮೂರನೆಯದನ್ನೂ ಸೋತರು. ಒಂದು ವಾರ ಬಿಟ್ಟು ಮತ್ತೆ ಬಂದಾಗ ಕೈಯಲ್ಲಿ ಒಂದು ಕಾಗದವಿತ್ತು.

“ಆಗಸ್ಟ್ ಮೊದಲ್ನೇ ಆಯ್ತವಾರ ಕಾರವಾರದಲ್ಲಿ ಜಿಲ್ಲಾ ಪಂದ್ಯ. ಈ ಸಲ ಹೆಂಗಸ್ರಿಗೂ ಬೇರೆ ವಿಭಾಗ ಮಾಡಿರು. ಗೆದ್ದವರನ್ನ ಬೆಂಗಳೂರಿಗೆ ರಾಜ್ಯ ಪಂದ್ಯಕ್ಕೆ ಕಳಿಸ್ತ್ರು. ಅಲ್ಲಿ ಚಲೋ ಆಡಿದ್ರೆ ಸರಕಾರಿ ಇಲಾಖೆಯವರು ಆಟಗಾರರ ಕೋಟಾದಲ್ಲಿ ನೌಕರಿನೂ ಕೊಡ್ತ್ರು. ನೀಲಾನ ಹೆಸ್ರು ಬರೆಸ್ವಾ?”

ನೀಲಾಳ ಕಣ್ಣು ಕಾಗದ ಬಿಟ್ಟು ಕದಲಲಿಲ್ಲ. ಐದು ವರ್ಷದಲ್ಲಿ ಅವಳು ಈ ಮನೆಯಲ್ಲಿ ಏನನ್ನೂ ಬೇಕೆಂದು ಕೇಳಿದವಳಲ್ಲ. ಇದು ಬೇಕಿತ್ತು.

“ಆಗೂದಿಲ್ಲ,” ಎಂದಳು ಗಂಗೆ ಅಡಿಗೆ ಮನೆಯಿಂದ. “ಆ ದಿನ ಬೀರಿ ಗದ್ದೆ ನಟ್ಟಿ.”

ನಾಟಿಯ ದಿನಗಳಲ್ಲಿ ಆ ಕೇರಿಯ ಏಳೆಂಟು ಮನೆಯ ಹೆಂಗಸರು ಸರದಿಯ ಮೇಲೆ ಒಬ್ಬರ ಗದ್ದೆ ಒಬ್ಬರು ನೆಡುತ್ತಿದ್ದರು. ಕೂಲಿಯಿಲ್ಲ, ಕೆಲಸಕ್ಕೆ ಕೆಲಸ. ಮುಯ್ಯಾಳು ಅಂದರೆ ಇದೇ. ಅದೇ ಕೇರಿಯ ಬೀರಿ ಬಂದು ನಿಮ್ಮ ಗದ್ದೆಯಲ್ಲಿ ಒಂದು ದಿನ ಬಗ್ಗಿದರೆ ನಿಮ್ಮ ಮನೆಯವಳು ಬೀರಿಯ ಗದ್ದೆಯಲ್ಲಿ ಒಂದು ದಿನ ಬಗ್ಗಲೇಬೇಕು. ಕೂಲಿ ಕೊಡುತ್ತೇವೆಂದರೆ ಅದು ಬೈದಂತೆ. ಗಂಗೆಯ ಮಂಡಿ ಎರಡು ವರ್ಷದಿಂದ ಮಡಚುತ್ತಿರಲಿಲ್ಲ. ಅವಳು ಅಂಚಿನ ಮೇಲೆ ಕುಳಿತು ಅಗೆ ಕಟ್ಟಿ ಕೊಡುತ್ತಿದ್ದಳು ಅಷ್ಟೆ. ಈ ಮನೆಯ ಮುಯ್ಯಾಳು ಎಂದರೆ ನೀಲಾ.

ಮಾಸ್ತರರು ಹೋದ ಮೇಲೆ ಮಂಜು ಎದ್ದ. “ಒಂದು ದಿನದ ಸಲುವಾಗಿ ಇಷ್ಟು ಯಂತಕೆ, ಅವ್ವಿ?”

“ಹಂಗಾರೆ ನೀ ಹೋಗು ನಟ್ಟಿಗೆ.”

“ಗಂಡಸ್ರು ನಟ್ಟಿ ಮಾಡ್ತ್ರಾ?”

“ಹೆಂಗಸ್ರು ಕೇರಂ ಆಡ್ತ್ರಾ?”

ನಾಲ್ಕು ವರ್ಷದ ಮೊಮ್ಮಗಳು ಸಂಧ್ಯಾ ನಡುವೆ ಕುಳಿತು ಇಬ್ಬರ ಮುಖವನ್ನೂ ಸರದಿಯಂತೆ ನೋಡಿದಳು. ನೀಲಾ ಪಾತ್ರೆ ಎತ್ತಿಕೊಂಡು ಹಿತ್ತಲಿಗೆ ಹೋದಳು.

ಜುಲೈ ತುಂಬ ಹೀಗೇ ನಡೆಯಿತು. ಬೆಳಿಗ್ಗೆ ಏಳಕ್ಕೆ ಗಂಜಿ ಕುಡಿದು ನೀಲಾ ಯಾರದಾದರೊಂದು ಗದ್ದೆಗೆ ಇಳಿಯುತ್ತಿದ್ದಳು. ಹೆಬ್ಬೆರಳಿನಿಂದ ಅಗೆಯ ಬುಡವನ್ನು ಕೆಸರಿಗೆ ಒತ್ತುತ್ತ ಹಿಂದೆ ಹಿಂದೆ ಸರಿಯುವ ಕೆಲಸ. ಸಂಜೆ ಬಂದು ಮಿಂದು, ಅಕ್ಕಿ ಒಲೆಯ ಮೇಲಿಟ್ಟು, ಅದು ಬೇಯುವಷ್ಟು ಹೊತ್ತು ಬೋರ್ಡಿನ ಮುಂದೆ ಕೂರುತ್ತಿದ್ದಳು. ಮಾಸ್ತರರು ಒಪ್ಪಿಗೆಗೆ ಕಾಯದೆಯೇ ಹೆಸರು ಬರೆಸಿಬಿಟ್ಟಿದ್ದರು. ಮನೆಯಲ್ಲಿ ಆ ವಿಷಯ ಯಾರೂ ಎತ್ತುತ್ತಿರಲಿಲ್ಲ. ಎಲ್ಲರೂ ಅದನ್ನೇ ಯೋಚಿಸುತ್ತಿದ್ದರು.

ಗಂಟು ಬಿಡಿಸಿದವಳು ಬೀರಿ, ಅದೂ ತನಗೆ ತಿಳಿಯದೆ. ಜುಲೈ ಕೊನೆಯ ವಾರ ಒಂದು ದಿನ ಗದ್ದೆಯಲ್ಲಿ ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತ ಅವಳು ಅಂಚಿನ ಮೇಲಿದ್ದ ಗಂಗೆಗೆ ಕೇಳುವಂತೆ ಹೇಳಿದಳು:

“ಗಂಗಕ್ಕ, ನಿನ್ನ ಸೊಸೆ ಗಂಡಸ್ರ ಎದ್ರಿಗೆ ಕೂತು ಕೇರಂ ಆಡ್ತದ್ಯಂತೆ. ಮುಂದೆ ಬೀಡಿನೂ ಸೇದ್ತದೆ ಕಾಣು.”

ಹೆಂಗಸರು ನಕ್ಕರು. ನೀಲಾ ತಲೆ ಎತ್ತಲಿಲ್ಲ. ಮನೆಯಲ್ಲಿ ಇದೇ ಮಾತನ್ನು ಇದಕ್ಕಿಂತ ಖಾರವಾಗಿ ಆಡಿದ್ದ ಗಂಗೆಗೆ ಬೇರೆಯವರ ಬಾಯಲ್ಲಿ ಅದು ಕೇಳಿದಾಗ ಏನಾಯಿತೋ, ಕಟ್ಟುತ್ತಿದ್ದ ಅಗೆಯನ್ನು ಕೆಳಗಿಟ್ಟಳು.

“ನನ್ನ ಸೊಸೆ ಮಾಸ್ತರ್ರನ್ನೇ ಮೂರು ಸಲ ಸೋಲ್ಸದೆ. ನಿಮ್ಮನೇಲಿ ಯಾರಾರೂ ಮಾಸ್ತರ್ರ ಎದ್ರಿಗೆ ನಿಂತು ಸಮಾ ಮಾತಾಡಿರಾ? ಅದು ಕಾರವಾರಕ್ಕೆ ಹೋತದೆ, ಜಿಲ್ಲಾ ಪಂದ್ಯಕ್ಕೆ. ನಿನ್ನ ಗದ್ದೆಗೆ ನಾ ಬತ್ತೆ.”

“ನಿನ್ನ ಮಂಡಿ?”

“ಮಂಡಿ ನಂದು. ನಿಂಗೆ ಅಗೆ ನೆಟ್ರೆ ಆತಲೆ?”

ನೀಲಾ ಕೈಯಲ್ಲಿದ್ದ ಅಗೆಯನ್ನು ಎಲ್ಲಿ ಒತ್ತುತ್ತಿದ್ದೇನೆಂಬುದು ಗೊತ್ತಾಗದೆ ಒಂದೇ ಕಡೆ ಮೂರು ಸಲ ಒತ್ತಿದಳು. ಅವಳಿಗೆ ಅಳು ಬಂದಿತ್ತು, ಮುಖಕ್ಕೆ ಕೆಸರು ಸಿಡಿದದ್ದು ಒಳ್ಳೆಯದಾಯಿತು.

ಆ ದಿನದಿಂದ ಮನೆಯ ರೀತಿಯೇ ಬದಲಾಯಿತು. “ಪಾತ್ರೆ ನಾ ತೊಳಿತೆ, ನೀ ಹೋಗಿ ಹೊಡಿ,” ಎನ್ನುತ್ತಿದ್ದಳು ಗಂಗೆ. ಆಟ ಅರ್ಥವಾಗದಿದ್ದರೂ ಬಾಗಿಲ ಬಳಿ ಕುಳಿತು ನೋಡುತ್ತಿದ್ದಳು. ಕಾಯಿ ಬೀಳದಿದ್ದರೆ ನಾಲಿಗೆ ಚಪ್ಪರಿಸುತ್ತಿದ್ದಳು. ಉಪ್ಪುಮೀನಿನ ನಡುವಿನ ತುಂಡು ಹುಟ್ಟಿದಂದಿನಿಂದ ಮಂಜುವಿನ ತಟ್ಟೆಗೆ ಹೋಗುತ್ತಿತ್ತು, ಈಗ ಸೊಸೆಗೆ ಬಂತು. ಮಂಜುವಿನ ಮುಖ ಸ್ವಲ್ಪ ಉದ್ದವಾಯಿತು.

ಆದರೆ ನೀಲಾಳ ಕೈ ಕೆಟ್ಟಿತ್ತು. ತಿಂಗಳಿಡೀ ಕೆಸರಿನಲ್ಲಿದ್ದು ಬೆರಳ ಸಂದಿಗಳು ಬಿಳುಚಿ ಒಡೆದಿದ್ದವು. ಸ್ಟ್ರೈಕರಿಗೆ ಬೆರಳು ತಾಗಿದರೆ ಚುರುಕ್ ಎನ್ನುತ್ತಿತ್ತು. ಪಂದ್ಯಕ್ಕೆ ಮೂರು ದಿನವಿರುವಾಗ, ಗುರುವಾರ ಸಂಜೆ ಅವಳು ಹೊಡೆದು ಕೈ ಕೊಡವಿಕೊಂಡದ್ದನ್ನು ಗಂಗೆ ಕಂಡಳು.

“ಇಲ್ಲಿ ಬಾ. ಕೈ ಕೊಡು.”

ಅವಳ ಕೈಯಲ್ಲಿ ಕರಟವಿತ್ತು. ಕರಟದಲ್ಲಿ ಗೇರೆಣ್ಣೆ. ಗೇರುಬೀಜ ಸುಡುವಾಗ ಸಿಪ್ಪೆಯಿಂದ ಇಳಿಯುವ ಕಪ್ಪು ಎಣ್ಣೆ ಅದು. ನಾಟಿಗೆ ಇಳಿಯುವ ಮುನ್ನ ಆ ಊರಿನವರು ಒಡೆದ ಹಿಮ್ಮಡಿಗೆ ಹಚ್ಚಿಕೊಳ್ಳುತ್ತಾರೆ, ಕೆಸರು ತಿನ್ನುವುದಿಲ್ಲ ಎಂದು. ಎಳೆಯ ಚರ್ಮಕ್ಕೆ ತಾಗಿದರೆ ಸುಡುತ್ತದೆ. ಆದರೆ ಮೂವತ್ತೈದು ಮಳೆಗಾಲ ಕೆಸರು ಕಂಡ ಗಂಗೆಗೆ ಹಿಮ್ಮಡಿ ಯಾವುದು, ಬೆರಳು ಯಾವುದು ಎಂಬ ವ್ಯತ್ಯಾಸವೇ ಉಳಿದಿರಲಿಲ್ಲ. ತಾನು ಕೈಗೂ ಹಚ್ಚಿಕೊಳ್ಳುತ್ತಿದ್ದಳು. ತನಗೆ ಆಗದ್ದು ಸೊಸೆಗೆ ಯಾಕೆ ಆದೀತು ಎಂದುಕೊಂಡಳು.

ಬಲಗೈಯ ಕಿರುಬೆರಳಿನಿಂದ ಶುರುಮಾಡಿ ಒಂದೊಂದಕ್ಕೂ ಸಂದಿ ಬಿಡದೆ ಹಚ್ಚಿದಳು.

“ಉರಿತದೆ, ಅತ್ತೆ.”

“ಉರಿಬೇಕು. ಉರಿದ್ರೇ ಒಣಗೂದು. ಆಯ್ತವಾರದೊಳಗೆ ಕೈ ಚಲೋ ಆತದೆ, ನೋಡು.”

ನಾಲ್ಕು ಬೆರಳು ಮುಗಿದು ಹೆಬ್ಬೆರಳಿಗೆ ಬರುವಷ್ಟರಲ್ಲಿ ಸಂಧ್ಯಾ ಓಡಿ ಬಂದು ಅಜ್ಜಿಯ ಬೆನ್ನ ಮೇಲೆ ಬಿದ್ದಳು. ಕರಟ ಮಗುಚಿ ಎಣ್ಣೆಯೆಲ್ಲ ನೆಲದ ಪಾಲಾಯಿತು. ಮಗು ತುಳಿದೀತೆಂದು ಗಂಗೆ ಬೂದಿ ತರಲು ಎದ್ದಳು. ಹೆಬ್ಬೆರಳು ಹಾಗೇ ಉಳಿಯಿತು.

ಶುಕ್ರವಾರ ಬೆಳಿಗ್ಗೆ ನೀಲಾಳ ನಾಲ್ಕು ಬೆರಳೂ ಕಪ್ಪಾಗಿ ಊದಿ, ಸಂದಿಗಳಲ್ಲಿ ಹುರುಳಿಕಾಳಿನಷ್ಟು ಬೊಬ್ಬೆ ಎದ್ದಿದ್ದವು. ಅಂಕೋಲೆಯ ಡಾಕ್ಟರು ಮುಲಾಮು ಹಚ್ಚಿ ಬಟ್ಟೆ ಸುತ್ತಿ, ಒಂದು ವಾರ ಈ ಬೆರಳುಗಳಿಂದ ಏನೂ ಮಾಡಬಾರದು ಎಂದರು. ಮನೆಯ ಮೆಟ್ಟಿಲು ಹತ್ತಿದವನೇ ಮಂಜು ಶುರುಮಾಡಿದ.

“ಸಮಾಧಾನ ಆತಾ ಅವ್ವಿ? ಬೇಕಂತಲೇ ಸುಟ್ಟೆ ಅಲ್ದಾ?”

ಗಂಗೆ ಒಲೆಯ ಮುಂದಿನಿಂದ ಎದ್ದಳು. “ಯಂತಾ ಹೇಳ್ತಿ?”

“ಮೊದ್ಲಿಂದ ಬ್ಯಾಡ ಹೇಳ್ದವ್ಳು ನೀನು. ಊರೆದ್ರಿಗೆ ದೊಡ್ಡ ಮಾತಾಡ್ದೆ, ಹಿಂದೆ ತಗೂಕಾಗ್ಲಿಲ್ಲ. ಅದ್ಕೇ ಈ ಉಪಾಯ.”

“ಔಷಧಿ ಹೇಳಿ ಹಚ್ದೆ. ನಾ ವರ್ಷಾ ಹಚ್ಕಂತೆ. ನೋಡು.” ಅವಳು ಮಾಡಿಗೆ ಸಿಕ್ಕಿಸಿದ್ದ ಬಾಟಲಿ ತೆಗೆದು ಎಣ್ಣೆಯನ್ನು ತನ್ನ ಎರಡೂ ಕೈಗೆ ಸುರಿದುಕೊಂಡು ಬೆರಳ ಸಂದಿಗಳಿಗೆಲ್ಲ ತಿಕ್ಕಿದಳು. ಎಲ್ಲರೂ ನೋಡುತ್ತ ನಿಂತರು. ಏನೂ ಆಗಲಿಲ್ಲ.

“ನಿನ್ನ ಕೈಯಿ ಎಮ್ಮೆ ಚರ್ಮ ಆಗದೆ. ಅದಕ್ಕೆ ಬೆಂಕಿ ಇಟ್ರೂ ಆಗೂದಿಲ್ಲ,” ಎಂದ ತಿಮ್ಮು. ಹೆಂಡತಿಯ ಪರವಾಗಿ ಹೇಳಿದ್ದೇ ಆದರೂ ಅದು ಹಾಗೆ ಕೇಳಿಸಲಿಲ್ಲ.

“ಅತ್ತೆ ಬೇಕಂತ ಮಾಡ್ಲಿಲ್ಲ,” ಎಂದಳು ನೀಲಾ.

“ನೀ ಸುಮ್ನಿರು. ನಿಂಗೆ ಎಲ್ಲರೂ ಒಳ್ಳೆಯವರೇ.”

ಗಂಗೆ ಚಾಚಿದ ಎಣ್ಣೆಗೈಗಳನ್ನು ಹಿಂದಕ್ಕೆ ಎಳೆದುಕೊಂಡಳು. ಆಮೇಲೆ ಬೂದಿಯಿಂದ ಕೈ ತಿಕ್ಕಿ ತೊಳೆದು ಅಕ್ಕಿ ತೊಳೆಯಲು ಹೋದಳು. ಆ ದಿನ ಎಲ್ಲರಿಗೂ ಬಡಿಸಿದಳು, ತಾನು ಉಣ್ಣಲಿಲ್ಲ. ಯಾರೊಂದಿಗೂ ಮಾತಾಡಲಿಲ್ಲ. ನೀಲಾಗೆ ಎಡಗೈಯಲ್ಲಿ ಉಣ್ಣಲು ಬರುತ್ತಿರಲಿಲ್ಲವಾದ್ದರಿಂದ ಅವಳ ಗಂಜಿಗೆ ಚಮಚ ಹಾಕಿಟ್ಟಳು. ಅದನ್ನೂ ಮುಖ ನೋಡದೆ ಇಟ್ಟಳು.

ಮನೆಯ ಮಾತು ಮನೆಯಲ್ಲಿ ನಿಲ್ಲುವ ಕೇರಿಯಲ್ಲ ಅದು. ಶನಿವಾರ ಬೆಳಿಗ್ಗೆ ಬಾವಿಕಟ್ಟೆಯಲ್ಲಿ ಬೀರಿ ನೀಲಾಳ ಕೈ ಹಿಡಿದು ನೋಡಿ, ಧ್ವನಿ ತಗ್ಗಿಸಿ ಕೇಳಿದಳು: “ಗಂಗಕ್ಕನೇ ಸುಟ್ಟದ್ದಂತೆ, ಖರೇನಾ? ಗದ್ದೆಲಿ ಮಾತ್ರ ದೊಡ್ಡಕೆ ನನ್ನ ಸೊಸೆ, ನನ್ನ ಸೊಸೆ ಹೇಳ್ತಿತ್ತು.”

ನೀಲಾ ಕೊಡ ಎಡಗೈಯಲ್ಲಿ ಎತ್ತಿಕೊಂಡು ಮನೆಗೆ ಬಂದು ನೇರ ಜಗಲಿಗೆ ಹೋದಳು. ಬಟ್ಟೆ ಸುತ್ತಿದ ನಾಲ್ಕು ಬೆರಳನ್ನು ಒಟ್ಟಿಗೆ ಬದಿಗೆ ಮಡಚಿಟ್ಟು ಸ್ಟ್ರೈಕರಿನ ಹಿಂದೆ ಹೆಬ್ಬೆರಳು ಇಟ್ಟಳು. ಹೊಡೆದಳು. ಕಾಯಿ ಎಲ್ಲಿಗೋ ಹೋಯಿತು. ಮತ್ತೆ ಹೊಡೆದಳು. ಬಾಳೆಗುಳಿಯಲ್ಲಿ ಬಿಟ್ಟ ರೂಢಿ ಅರ್ಧ ಗಂಟೆಯಲ್ಲಿ ಸ್ವಲ್ಪ ಹಿಂದಕ್ಕೆ ಬಂತು. ಒಂದು ವಿಷಯ ಅವಳಿಗೇ ಹೊಸದಾಗಿತ್ತು: ಚಿಕ್ಕವಳಿದ್ದಾಗ ಈ ಬೆರಳಿನಲ್ಲಿ ಇಷ್ಟು ಬಲವಿರಲಿಲ್ಲ. ಐದು ಮಳೆಗಾಲ ಕೆಸರಿಗೆ ಅಗೆ ಒತ್ತಿದ ಹೆಬ್ಬೆರಳು ಅದು.

ಮಂಜು ಬಾಗಿಲಲ್ಲಿ ನಿಂತು ನೋಡಿದ. “ಯಂತಕೆ ಸುಮ್ನೆ? ಹೋಗೂದು ಬ್ಯಾಡ. ಮಾಸ್ತರ್ರಿಗೆ ನಾ ಹೇಳ್ತೆ.”

“ನಾ ಹೋತೆ.”

“ಈ ಕೈಯಲ್ಲಾ? ಸೋಲೂಕಾ?”

“ಹೋಗದೆ ಕೂತ್ರೆ, ಅತ್ತೆ ಸುಟ್ರು ಹೇಳೂದೊಂದೇ ಉಳಿತದೆ. ನಾಳೆ ಸಂಧ್ಯಾ ದೊಡ್ಡಾತದೆ, ಅದ್ರ ಕಿವಿಗೂ ಅದೇ ಬೀಳ್ತದೆ, ನಿನ್ನ ಅಜ್ಜಿ ನಿನ್ನ ಅವ್ವಿ ಕೈ ಸುಟ್ಟಿತ್ತು ಹೇಳಿ. ಸೋತ್ರೂ ಅದೇ. ಗೆದ್ರೆ ಯಾರೂ ಹೇಳೂದಿಲ್ಲ.” ನೀಲಾ ಇಷ್ಟುದ್ದ ಮಾತಾಡಿದ್ದು ಮದುವೆಯಾದ ಮೇಲೆ ಇದೇ ಮೊದಲು. “ನೀವು ಬರೂದಾದ್ರೆ ಬನ್ನಿ. ಇಲ್ದಿದ್ರೆ ಮಾಸ್ತರ್ರ ಸಂಗಡ ಹೋತೆ.”

ಒಳಗೆ ಪಾತ್ರೆಯ ಸದ್ದು ನಿಂತಿತ್ತು. ಗಂಗೆ ಕೇಳಿಸಿಕೊಂಡಳೆಂದು ಇಬ್ಬರಿಗೂ ಗೊತ್ತಾಯಿತು.

ಆದಿತ್ಯವಾರ ಬೆಳಿಗ್ಗೆ ನೀಲಾ ಏಳುವಾಗ ಗಂಗೆ ಆಗಲೇ ಗದ್ದೆಗೆ ಹೋಗಿದ್ದಳು. ಒಲೆಯ ಬದಿಯಲ್ಲಿ ಬಾಳೆಲೆಯ ಪೊಟ್ಟಣವಿತ್ತು. ಮೂರು ಜನಕ್ಕಾಗುವಷ್ಟು ರೊಟ್ಟಿ, ಚಟ್ನಿ.

ಕೊನೆಗೆ ಮಂಜುವೂ ಹೊರಟಿದ್ದ. ಕಾರವಾರದ ಬಸ್ಸಿನಲ್ಲಿ ಮಾಸ್ತರರು ನಿಯಮ ಹೇಳುತ್ತಲೇ ಇದ್ದರು. ಕುರ್ಚಿಯ ಮೇಲೆ ಕೂರಬೇಕು, ಆಟದ ನಡುವೆ ಏಳಬಾರದು, ಕೆಂಪು ಕಾಯಿ ಅಂದರೆ ರಾಣಿಯನ್ನು ಹಾಕಿದ ಮೇಲೆ ತಕ್ಷಣ ನಮ್ಮದೊಂದು ಕಾಯಿ ಹಾಕಿದರೆ ಮಾತ್ರ ರಾಣಿ ನಮ್ಮದು. ನೀಲಾಗೆ ಇದೆಲ್ಲ ಗೊತ್ತಿತ್ತು. ಗೊತ್ತಿಲ್ಲದ್ದು ಕುರ್ಚಿ ಒಂದೇ. ನೆಲದ ಮೇಲೆ ಕುಳಿತು ಆಡಿದವಳಿಗೆ ಮೇಜಿನ ಮೇಲಿನ ಬೋರ್ಡು ಎದೆಯ ಮಟ್ಟಕ್ಕೆ ಬಂದಂತಿತ್ತು.

ಪಂದ್ಯದ ಸಭಾಂಗಣದಲ್ಲಿ ಹದಿನಾರು ಜನ ಹೆಂಗಸರಿದ್ದರು. ಹೆಚ್ಚಿನವರು ಕಾಲೇಜಿನ ಹುಡುಗಿಯರು, ಕಾರವಾರ ಪೇಟೆಯವರು, ತಮ್ಮ ತಮ್ಮಲ್ಲಿ ಕೊಂಕಣಿ ಮಾತಾಡುತ್ತಿದ್ದರು. ನೀಲಾಳ ಬಟ್ಟೆ ಸುತ್ತಿದ ಕೈಯನ್ನೂ, ಕೆಸರು ಕೂತು ಕಪ್ಪಾದ ಹೆಬ್ಬೆರಳಿನ ಉಗುರನ್ನೂ ಒಬ್ಬರಿಗೊಬ್ಬರು ತೋರಿಸಿಕೊಂಡರು. ಮೊದಲ ಆಟದಲ್ಲೇ ಎದುರಾಳಿ ಕೈ ಎತ್ತಿ ಕೇಳಿದಳು, ಹೆಬ್ಬೆರಳಲ್ಲಿ ಹೊಡೆಯಬಹುದೇ ಎಂದು. ಅಂಪೈರು ಪುಸ್ತಕ ತೆಗೆದು ನೋಡಿ, ಯಾವ ಬೆರಳಾದರೂ ಸರಿ, ತಳ್ಳಬಾರದು, ಹೊಡೆಯಬೇಕು ಎಂದರು.

ಮೊದಲ ಸುತ್ತು ಗೆದ್ದಳು. ಎರಡನೆಯದನ್ನು ತಿಣುಕಿ ಗೆದ್ದಳು. ಮಧ್ಯಾಹ್ನ ಬಾಳೆಲೆ ಬಿಚ್ಚಿದಾಗ ಮಂಜು ರೊಟ್ಟಿ ಮುರಿಯುತ್ತ ಕುಳಿತವನು ಒಮ್ಮೆಲೇ ಹೇಳಿದ: “ಮೂರು ಜನಕ್ಕೆ ಕಟ್ಟದೆ. ನಾ ಬರೂದು ಅವ್ವಿಗೆ ಹೆಂಗೆ ಗೊತ್ತಾತು?”

“ನಿಮ್ಮ ಅವ್ವಿಯಲ್ದಾ,” ಎಂದಳು ನೀಲಾ.

ಮಂಜು ಮುರಿದ ರೊಟ್ಟಿಯನ್ನು ಮತ್ತೆ ಬಾಳೆಲೆಯಲ್ಲಿಟ್ಟ.

ಮೂರನೆಯ ಸುತ್ತನ್ನೂ ದಾಟಿದಳು. ಫೈನಲಿನಲ್ಲಿ ಎದುರಿಗೆ ಬಂದದ್ದು ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬ ಮೇಡಂ. ಅಳತೆಯ ಆಟ, ಅವಸರವಿಲ್ಲ. ನೇರ ಹೊಡೆತಗಳಲ್ಲಿ ನೀಲಾಳ ಹೆಬ್ಬೆರಳು ದೂರಕ್ಕೆ ತಪ್ಪುತ್ತಿತ್ತು. ಮೇಡಂ ತಪ್ಪುತ್ತಿರಲಿಲ್ಲ. ಮೊದಲ ಗೇಮ್ ನೀಲಾ ಸೋತಳು. ಎರಡನೆಯದರಲ್ಲಿ ದೂರದ ಕಾಯಿಗಳ ಆಸೆ ಬಿಟ್ಟು, ಹತ್ತಿರದವನ್ನೇ ಒಂದೊಂದಾಗಿ ಹಾಕಿದಳು. ಅಗೆ ನೆಡುವಂತೆ, ಕಾಲ ಬುಡದ್ದು ಮುಗಿಸಿ ಹಿಂದಕ್ಕೆ ಸರಿಯುವ ಆಟ. ಗೆದ್ದಳು. ಮೂರನೆಯದು ಸಮಸಮ ಬಂದು, ಕೊನೆಯ ಸಲ ಕಾಯಿ ಜೋಡಿಸಿ ಆಡುವ ಬೋರ್ಡಿಗೆ ನಿಂತಿತು.

ಮೇಡಂ ಅವರದು ಒಂದೇ ಕರಿ ಕಾಯಿ, ಪಾಕೆಟ್ಟಿನ ಬಾಯಲ್ಲೇ ಇತ್ತು. ನೀಲಾಳದು ಒಂದು ಬಿಳಿ, ಮತ್ತು ರಾಣಿ. ಹೊಡೆಯುವ ಸರದಿ ನೀಲಾಳದು. ಎರಡನ್ನೂ ಈಗಲೇ ಹಾಕಬೇಕು, ಒಂದು ತಪ್ಪಿದರೂ ರಾಣಿಯನ್ನೂ ಕರಿಯನ್ನೂ ಮೇಡಂ ಹಾಕಿ ಮುಗಿಸುತ್ತಾರೆ. ರಾಣಿ ಎದುರಿಗೆ ಓರೆಯಾಗಿತ್ತು. ಅವಳು ಮೆಲ್ಲಗೆ ಅದರ ಬದಿಗೆ ತಾಗುವಂತೆ ಹೊಡೆದಳು. ರಾಣಿ ಪಾಕೆಟ್ಟಿನ ಅಂಚಿನಲ್ಲಿ ಒಂದು ಕ್ಷಣ ಯೋಚಿಸಿ ಬಿತ್ತು.

ಉಳಿದ ಬಿಳಿ ಕಾಯಿ ಅವಳ ಹೊಟ್ಟೆಯ ಮುಂದೆಯೇ, ಸ್ಟ್ರೈಕರ್ ಇಡುವ ಗೆರೆಗಿಂತ ಹಿಂದೆ ಇತ್ತು. ಮಾಸ್ತರರು ಕಣ್ಣು ಮುಚ್ಚಿಕೊಂಡರು. ಅಲ್ಲಿದ್ದ ಕಾಯಿಯನ್ನು ತೋರುಬೆರಳಿನವರು ಎದುರಿನ ಪಟ್ಟಿಗೆ ಹೊಡೆದು ತಿರುಗಿಸಿ ತರಬೇಕು. ಹತ್ತರಲ್ಲಿ ಒಂದು ಸಲ ಬಿದ್ದೀತು. ನೀಲಾ ಸ್ಟ್ರೈಕರನ್ನು ಗೆರೆಯ ಮೇಲಿಟ್ಟು, ಕೈಯನ್ನು ಅದರ ಆಚೆಗೆ ದಾಟಿಸಿ, ಹೆಬ್ಬೆರಳನ್ನು ತನ್ನ ಕಡೆಗೆ ತಿರುಗಿಸಿದಳು. ಮುಂದೆ ನಿಂತು ಹಿಂದಕ್ಕೆ ಹೊಡೆಯುವುದು ಹೆಬ್ಬೆರಳಿಗೆ ಮಾತ್ರ ಸಾಧ್ಯ. ಟಕ್ ಎಂದಿತು. ಬಿಳಿ ಕಾಯಿ ಅವಳ ಎಡಬದಿಯ ಪಾಕೆಟ್ಟಿಗೆ ನೇರ ಹೋಯಿತು.

ಮೇಡಂ ಎದ್ದು ಬಂದು ಬಟ್ಟೆ ಸುತ್ತಿದ ಕೈಯನ್ನು ಜೋಪಾನವಾಗಿ ಮುಟ್ಟಿದರು. ಮಾಸ್ತರರು ಕಣ್ಣು ಬಿಟ್ಟು ಏನಾಯಿತೆಂದು ಮಂಜುವನ್ನು ಕೇಳಿದರು. ಮಂಜು ತನ್ನ ಹೆಬ್ಬೆರಳು ಎತ್ತಿ ತೋರಿಸಿದ. ಬಹುಮಾನವೆಂದು ಒಂದು ಕಪ್ಪು, ಒಂದು ಸ್ಟೀಲ್ ಡಬ್ಬಿ ಕೊಟ್ಟರು.

ಭಾವಿಕೇರಿಗೆ ಬರುವಾಗ ಇನ್ನೂ ಬೆಳಕಿತ್ತು. ಬೀರಿಯ ಗದ್ದೆಯಲ್ಲಿ ಕೊನೆಯ ಮೂಲೆ ಉಳಿದಿತ್ತು. ಏಳು ಜನ ಹೆಂಗಸರು ಸಾಲಾಗಿ ಬಗ್ಗಿದ್ದರು, ಎಲ್ಲರಿಗಿಂತ ಎರಡು ಮಾರು ಹಿಂದುಳಿದು ಗಂಗೆ. ಒಂದು ಕೈ ಮಂಡಿಯ ಮೇಲೆ, ಇನ್ನೊಂದು ಕೆಸರಿನಲ್ಲಿ. ನೀಲಾ ಅಂಚಿನ ಮೇಲೆ ನಿಂತು ಕಪ್ಪನ್ನು ಎತ್ತಿ ತೋರಿಸಿದಳು. ಹೆಂಗಸರೆಲ್ಲ ಸೊಂಟ ಎತ್ತಿದರು. ಗಂಗೆ ಕಪ್ಪು ನೋಡಲಿಲ್ಲ.

“ಕೈ ಹೆಂಗದೆ?” ಎಂದಳು. ಶುಕ್ರವಾರದಿಂದೀಚೆಗೆ ಸೊಸೆಯೊಡನೆ ಆಡಿದ ಮೊದಲ ಮಾತು.

“ಚಲೋ ಅದೆ, ಅತ್ತೆ. ಹೆಬ್ಬೆಳ್ಳಲ್ಲಿ ಗೆದ್ದೆ.”

ಮಂಜು ಯಾರಿಗೂ ಏನೂ ಹೇಳದೆ ಚಪ್ಪಲಿ ಬಿಟ್ಟ, ಪ್ಯಾಂಟು ಮಂಡಿಯ ಮೇಲೆ ಮಡಚಿದ, ಕಾರವಾರಕ್ಕೆಂದು ಹಾಕಿದ ಬಿಳಿ ಅಂಗಿಯಲ್ಲೇ ಗದ್ದೆಗೆ ಇಳಿದ. ತಾಯಿಯ ಕೈಯಿಂದ ಅಗೆಯ ಕಟ್ಟು ತೆಗೆದುಕೊಂಡ.

“ನೀ ಅಂಚಿಗೆ ಹೋಗು, ಅವ್ವಿ. ಉಳಿದದ್ದು ನಾ ನೆಡ್ತೆ.”

“ಹೌದನಾ, ಗಂಡಸ್ರು ನಟ್ಟಿ ಮಾಡ್ತ್ರಾ?” ಎಂದಳು ಬೀರಿ, ನಗು ತಡೆಯಲಾರದೆ.

“ಹೆಂಗಸ್ರು ಕೇರಂ ಆಡ್ತ್ರಲೆ,” ಎಂದ ಮಂಜು, ತಲೆ ಎತ್ತದೆ. ಆಮೇಲೆ ಮೆಲ್ಲಗೆ, ತಾಯಿಗೆ ಮಾತ್ರ ಕೇಳುವಂತೆ ಹೇಳಿದ: “ನಾ ತಪ್ಪು ಮಾತಾಡ್ದೆ.”

ಗಂಗೆ ಅವನು ನೆಟ್ಟದ್ದನ್ನು ನೋಡಿದಳು. ಸಾಲು ಹಾವಿನಂತೆ ಹೋಗಿತ್ತು. “ನೆಟ್ಟಗೆ ನೆಡು,” ಎಂದಳು. “ನಾಳೆ ನಾನೇ ಮತ್ತೆ ಕಿತ್ತು ನೆಡೂಕಾತಿಲ್ಲ.” ಅಂಚಿಗೆ ಬಂದು ಸೊಸೆಯ ಭುಜ ಹಿಡಿದುಕೊಂಡು ಮೇಲೆ ಹತ್ತಿದಳು. ಹತ್ತಿದ ಮೇಲೂ ಆ ಕೈ ತೆಗೆಯಲಿಲ್ಲ.

ಆ ಸಲ ಬೆಂಗಳೂರಿನಲ್ಲಿ ನೀಲಾ ಎರಡನೆಯ ಸುತ್ತಿಗೇ ಸೋತಳು. ಮುಂದಿನ ವರ್ಷ ಮತ್ತೆ ಹೋದಳು. ತೊಂಬತ್ತೊಂದರಲ್ಲಿ ಕಾರವಾರದ ಒಂದು ಸರಕಾರಿ ಕಚೇರಿಯಲ್ಲಿ ಆಟಗಾರರ ಕೋಟಾದ ನೌಕರಿ ಸಿಕ್ಕಿತು. ವರ್ಷದಲ್ಲಿ ನಾಲ್ಕು ತಿಂಗಳು ಇಲಾಖೆಯ ಪರವಾಗಿ ಊರೂರು ತಿರುಗಿ ಆಡುವುದು, ಉಳಿದ ದಿನ ಭಾವಿಕೇರಿಯಿಂದ ಬಸ್ಸಿನಲ್ಲಿ ಹೋಗಿ ಬಂದು ಫೈಲು ನೋಡುವುದು. ನಾಟಿಯ ದಿನಗಳಲ್ಲಿ ಮುಯ್ಯಾಳಾಗಿ ಮಂಜುವೇ ಹೋಗುತ್ತಿದ್ದ. ಅವನ ಸಾಲು ಈಗ ನೆಟ್ಟಗಾಗಿತ್ತು.

ತೊಂಬತ್ತಾರರಲ್ಲಿ ಅವಳು ರಾಜ್ಯ ಪಂದ್ಯ ಗೆದ್ದಾಗ ಕಾರವಾರದ ಪತ್ರಿಕೆಯವನೊಬ್ಬ ಮನೆಗೆ ಬಂದ. ಚಾ ಕುಡಿದು, ಕಪ್ಪುಗಳ ಸಾಲು ನೋಡಿ, ಮೊದಲ ಕಪ್ಪಿನಲ್ಲಿ ಹುಣಸೆಹಣ್ಣು ತುಂಬಿಟ್ಟಿದ್ದನ್ನೂ ನೋಡಿ, ಪೆನ್ನು ತೆಗೆದ.

“ನಿಮಗೆ ಮರೆಯಲಾಗದ ಗೆಲುವು ಯಾವುದು? ಈ ವರ್ಷದ್ದೇ ಇರಬೇಕಲ್ಲ?”

“ಅಲ್ಲ. ಎಂಬತ್ತೆಂಟರಲ್ಲಿ ಕಾರವಾರದಲ್ಲಿ ಗೆದ್ದದ್ದು.”

“ಅದು ಬರೀ ಜಿಲ್ಲಾಮಟ್ಟದ್ದಲ್ಲವೇ?”

ನೀಲಾ ಉತ್ತರಿಸುವ ಮೊದಲೇ, ಬಾಗಿಲ ಬಳಿ ಹಲಸಿನ ಬೀಜದ ಸಿಪ್ಪೆ ಬಿಡಿಸುತ್ತ ಕುಳಿತಿದ್ದ ಗಂಗೆ ಹೇಳಿದಳು: “ಅದು ಹೆಬ್ಬೆಳ್ಳಲ್ಲಿ ಗೆದ್ದದ್ದು. ನಾಕು ಬೆಳ್ಳಿಗೆ ನಾ ಗೇರೆಣ್ಣಿ ಹಚ್ಚಿದ್ದೆ, ಬೊಬ್ಬಿ ಎದ್ದಿತ್ತು. ಹೆಬ್ಬೆಳ್ಳು ಮಾತ್ರ ಬೇಕಂತಲೇ ಬಿಟ್ಟಿದ್ದೆ. ಕಾಯಿ ಹೊಡೂಕೆ ಒಂದಾರೂ ಬೇಕಲೆ.”

ಮಂಜು ಚಾ ಲೋಟದೊಳಗೆ ನೋಡಿದ. ಹನ್ನೆರಡು ವರ್ಷದ ಸಂಧ್ಯಾ ಬಾಯಿ ತೆರೆದಳು. ಆ ದಿನ ಕರಟ ಮಗುಚಿದ್ದು ತಾನೆಂದು ಅವಳು ಕೇಳಿ ಬಲ್ಲಳು. ನೀಲಾ ಮಗಳ ಮಂಡಿಯ ಮೇಲೆ ಕೈಯಿಟ್ಟು ಸುಮ್ಮನಿರಿಸಿದಳು.

“ಹೌದೇನ್ರಿ?” ಎಂದ ಪತ್ರಿಕೆಯವನು.

“ಹೌದು,” ಎಂದಳು ನೀಲಾ. “ಅತ್ತೆಯೇ ಬಿಟ್ಟದ್ದು. ಹಾಗೇ ಬರೀರಿ.”